ಅಜ್ಜಿಯ ನೂರು ವರ್ಷಕ್ಕೆ ಒಂದು ತಾರೀಖು

2022ರ ಅಕ್ಟೋಬರ್ ಮೊದಲ ವಾರ. ಊರಿನ ಅಂಗನವಾಡಿ ಟೀಚರ್ ನಮ್ಮ ಮನೆಗೆ ಬಂದರು. ಅವರೇ ನಮ್ಮ ಬೂತಿನ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವವರು. ಕೈಯಲ್ಲಿ ಒಂದು ಹಾರ, ಒಂದು ಶಾಲು, ಒಂದು ಕವರು. ಜಗಲಿ ಮೇಲೆ ಕೂತಿದ್ದ ನಮ್ಮಜ್ಜಿಗೆ ಹಾರ ಹಾಕಿ, ಶಾಲು ಹೊದಿಸಿ, "ಅಜ್ಜಿ, ನಿಮಗೆ ನೂರು ದಾಟಿದೆ ಅಂತ ದೆಹಲಿಯಿಂದ ಕಾಗದ ಬಂದಿದೆ" ಅಂದರು.

ಆ ವರ್ಷ ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಕ್ಕೆ ಚುನಾವಣಾ ಆಯೋಗ ದೇಶದ ನೂರು ದಾಟಿದ ಮತದಾರರಿಗೆಲ್ಲ ಕಾಗದ ಬರೆದಿತ್ತು. ಅಂಥವರು ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದರು. ಇಷ್ಟು ವರ್ಷ ತಪ್ಪದೆ ಓಟು ಹಾಕಿದ್ದಕ್ಕೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ರಾಜೀವ್ ಕುಮಾರ್ ಅವರ ಹೆಸರಲ್ಲಿ ಕೃತಜ್ಞತೆ. ಓದಿ ನನಗೆ ಕಣ್ಣು ತುಂಬಿ ಬಂತು. ನಮ್ಮಜ್ಜಿಯ ಹೆಸರಿಗೆ ಅಲ್ಲಿಯವರೆಗೆ ಯಾವ ಕಾಗದವೂ ಹಾಗೆ ಬಂದಿರಲಿಲ್ಲ.

ಅಜ್ಜಿ ಮಾತ್ರ ಟೀಚರ್ ಕೈ ಹಿಡಿದುಕೊಂಡು, "ನೂರಾ? ಇಲ್ಲ ಕಣವ್ವ. ನಂಗಿನ್ನೂ ಎರಡು ವರ್ಷ ಬಾಕಿ ಅದೆ. ನಾನು ಹೊಳೆ ಬಂದ ವರ್ಷದೋಳು" ಅಂದರು.

ನಮ್ಮೂರು ಇರುವುದು ತಿ. ನರಸೀಪುರದ ಹತ್ತಿರ, ಕಾವೇರಿ ದಂಡೆಯಲ್ಲಿ. ಇಲ್ಲಿಯ ಹಳಬರಿಗೆ 'ಹೊಳೆ ಬಂದ ವರ್ಷ' ಅಂದರೆ ಒಂದೇ, 1924. ಆ ಜುಲೈನಲ್ಲಿ ಕಾವೇರಿ ಬಂದ ಹಾಗೆ ಅದಕ್ಕೂ ಮುಂಚೆ ಬಂದಿದ್ದನ್ನು ಯಾರೂ ನೋಡಿರಲಿಲ್ಲವಂತೆ. ಕೊಡಗಿನಿಂದ ತಮಿಳುನಾಡಿನವರೆಗೆ ದಂಡೆಯ ಊರುಗಳು ಮುಳುಗಿದವು. ನಮ್ಮ ಮುತ್ತಜ್ಜಿಗೆ ಆಗ ದಿನ ತುಂಬಿತ್ತು. ಮನೆಯ ಗೋಡೆ ಕುಸಿದಾಗ ಅವರನ್ನು ಎತ್ತಿನ ಗಾಡಿಯಲ್ಲಿ ದಿಬ್ಬದ ಮೇಲಿನ ಗುಡಿಗೆ ಕರೆದುಕೊಂಡು ಹೋದರು. ಅಜ್ಜಿ ಹುಟ್ಟಿದ್ದು ಆ ಗುಡಿಯ ಪಡಸಾಲೆಯಲ್ಲಿ. ರಕ್ತಾಕ್ಷಿ ಸಂವತ್ಸರ, ಆಷಾಢ, ಭಾನುವಾರ, ಭೀಮನ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ. ಇಷ್ಟನ್ನೂ ಅವರ ತಾಯಿ ಹೇಳಿಕೊಟ್ಟಿದ್ದರು. ಅಜ್ಜಿ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು. ಆದರೆ ಇಂಗ್ಲಿಷ್ ತಾರೀಖು ಗೊತ್ತಿರಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ.

ಆವತ್ತು ರಾತ್ರಿ ಅಜ್ಜಿಯ ಟ್ರಂಕು ತೆಗೆದು ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ವೋಟರ್ ಐಡಿಯಲ್ಲಿ '1.1.1995ಕ್ಕೆ ವಯಸ್ಸು 75'. ಗುರುತಿನ ಚೀಟಿ ಮಾಡಿಸಲು ಬಂದಾಗ ಯಾರೋ ಅಂದಾಜಿನಲ್ಲಿ ಹೇಳಿದ್ದು. ಆ ಲೆಕ್ಕದಲ್ಲಿ ಅಜ್ಜಿಗೆ 102. ಆಧಾರ್‌ನಲ್ಲಿ ಹುಟ್ಟಿದ ದಿನ 1932ರ ಜನವರಿ 1. ಅದೂ ಅಂದಾಜೇ. ಅದರ ಪ್ರಕಾರ 90. ಮೂರನೆಯದು ತಾತನ ಪಿಂಚಣಿ ಪುಸ್ತಕ, ಪಿಪಿಒ. ಅದರಲ್ಲಿ ಹೆಂಡತಿಯ ಹೆಸರಿದೆ, ಹುಟ್ಟಿದ ದಿನದ ಜಾಗ ಖಾಲಿ.

ಆ ಖಾಲಿ ಜಾಗದ ಬೆಲೆ ಎಷ್ಟು ಅಂತ ಹೇಳಬೇಕು.

ತಾತ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ತಂತಿ ಕಂಬ ಹತ್ತುವ ಲೈನ್‌ಮನ್. 1978ರಲ್ಲಿ ನಿವೃತ್ತಿ, 1991ರಲ್ಲಿ ತೀರಿಕೊಂಡರು. ಅಲ್ಲಿಂದ ಅಜ್ಜಿಗೆ ಕುಟುಂಬ ಪಿಂಚಣಿ. ಕೇಂದ್ರದ ಪಿಂಚಣಿಯಲ್ಲಿ ಒಂದು ಒಳ್ಳೆಯ ನಿಯಮವಿದೆ. 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20 ಹೆಚ್ಚು ಕೊಡುತ್ತಾರೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಪೂರ್ತಿ ನೂರು, ಅಂದರೆ ಪಿಂಚಣಿ ಎರಡರಷ್ಟು. 2006ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ಗಂಡ ತೀರಿಕೊಂಡು ಕುಟುಂಬ ಪಿಂಚಣಿ ಪಡೆಯುವ ಹೆಂಗಸರಿಗೂ ಸಿಗುತ್ತದೆ. ಹುಟ್ಟುಹಬ್ಬ ಯಾವ ತಾರೀಖೇ ಇರಲಿ, ಆ ತಿಂಗಳ ಒಂದನೇ ತಾರೀಖಿನಿಂದಲೇ ಲೆಕ್ಕ. ನನಗೆ ಈ ನಿಯಮದ ಮೇಲೆ ಪ್ರೀತಿ. ವಯಸ್ಸಾದ ಹಾಗೆ ಔಷಧಿ, ಆರೈಕೆ ಎಲ್ಲ ಹೆಚ್ಚಾಗುತ್ತದೆ ಅಂತ ಯಾರೋ ಕೂತು ಯೋಚನೆ ಮಾಡಿ ಬರೆದಿದ್ದಾರೆ, ಅಲ್ವಾ.

ನಮ್ಮಜ್ಜಿಗೆ ಇದರಲ್ಲಿ ಒಂದು ರೂಪಾಯಿಯೂ ಬಂದಿರಲಿಲ್ಲ. 2006ಕ್ಕೇ ಅವರಿಗೆ 81. ನೌಕರಿ ಮಾಡಿದವರ ಹುಟ್ಟಿದ ದಿನ ಇಲಾಖೆಯಲ್ಲಿ ಇದ್ದೇ ಇರುತ್ತದೆ. ಹೆಂಡತಿಯ ಹುಟ್ಟಿದ ದಿನವನ್ನು ಎಷ್ಟೋ ಹಳೆಯ ಪಿಪಿಒಗಳಲ್ಲಿ ಬರೆದೇ ಇಲ್ಲ. ತಾರೀಖು ಇಲ್ಲದಿದ್ದರೆ ಬ್ಯಾಂಕಿನ ಕಂಪ್ಯೂಟರ್‌ಗೆ 80 ಯಾವಾಗ ಆಯಿತು ಅಂತ ಹೇಗೆ ಗೊತ್ತಾಗಬೇಕು? 2015ರಲ್ಲಿ ಚಿಕ್ಕಪ್ಪ ಒಂದು ಸಲ ಬ್ಯಾಂಕಿಗೆ ಹೋಗಿ ಕೇಳಿದ್ದರು. "ಡೇಟ್ ಆಫ್ ಬರ್ತ್ ಇಲ್ಲ" ಅಂದರಂತೆ. ಅಷ್ಟಕ್ಕೇ ವಾಪಸ್ ಬಂದಿದ್ದರು.

ಒಂದು ಕಡೆ ನೂರಾಯಿತು ಅಂತ ಹಾರ. ಇನ್ನೊಂದು ಕಡೆ ಎಂಬತ್ತೂ ಆಗಿಲ್ಲ ಅನ್ನುವ ಹಾಗೆ ಪಿಂಚಣಿ. ಇದನ್ನು ಸರಿ ಮಾಡಿಸಲೇಬೇಕು ಅಂತ ಆ ರಾತ್ರಿ ತೀರ್ಮಾನ ಮಾಡಿದೆ.

ಮೈಸೂರಿನಿಂದ ರಜೆ ಹಾಕಿ ಬಂದು ಬ್ಯಾಂಕಿಗೆ ಹೋದೆ. ಅಲ್ಲಿದ್ದ ಯುವಕ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದ. "ಮೇಡಂ, ಆಧಾರ್‌ನಲ್ಲಿ 1932 ಇದೆಯಲ್ಲ, ಅದನ್ನೇ ಕೊಟ್ಟು ಅರ್ಜಿ ಹಾಕಿ. 90 ಅಂತ ಲೆಕ್ಕ ಹಿಡಿದು ನೂರಕ್ಕೆ 40 ಬರುತ್ತೆ. ಸುಮ್ನೆ ಬೇರೆ ದಾಖಲೆ ಹುಡುಕಿಕೊಂಡು ಯಾಕೆ ಅಲೀತೀರಿ?"

ಮಾತು ಸುಲಭವಾಗಿತ್ತು. ಅಜ್ಜಿಯ ಮೂಲ ಪಿಂಚಣಿ 9,000 ರೂಪಾಯಿ, ಕನಿಷ್ಠ ಮೊತ್ತ. ಆಧಾರ್ ತಾರೀಖು ಹಿಡಿದರೆ ತಿಂಗಳಿಗೆ 3,600 ಹೆಚ್ಚು. ನಿಜವಾದ ವಯಸ್ಸಿಗೆ 4,500. ವ್ಯತ್ಯಾಸ 900 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಬಾಕಿಯೂ 2006ರ ಬದಲು 2012ರಿಂದ ಬರುತ್ತಿತ್ತು. ಮನೆಯಲ್ಲಿ ಎಲ್ಲರೂ ಹೂಂ ಅಂದರು. ಕೈಗೆ ಸಿಗುವುದನ್ನು ಮೊದಲು ತಗೊಳ್ಳೋಣ ಅಂತ ನನಗೂ ಅನ್ನಿಸಿತು.

ಅಜ್ಜಿಗೆ ಕೇಳೋಣ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಂಟು ವರ್ಷ ಕಮ್ಮಿ ಬರೆಸ್ತೀಯಾ ಮಗ? ಆ ಎಂಟು ವರ್ಷ ನಾನು ಎಲ್ಲಿದ್ದೆ ಹಂಗಾದ್ರೆ? ನಮ್ಮವ್ವ ಆ ನೀರಲ್ಲಿ ನನ್ನ ಹೆತ್ತದ್ದು ಸುಳ್ಳಾ?" ಅಂದರು.

ಆಮೇಲೆ 1932ರ ಮಾತನ್ನು ಯಾರೂ ಎತ್ತಲಿಲ್ಲ.

ನವೆಂಬರ್‌ನಲ್ಲಿ ಟಿವಿಯಲ್ಲಿ ಒಂದು ಸುದ್ದಿ ಬಂತು. ಹಿಮಾಚಲದ ಕಲ್ಪಾ ಊರಿನ ಶ್ಯಾಮ್ ಸರನ್ ನೇಗಿ ತೀರಿಕೊಂಡಿದ್ದರು. 1951ರಲ್ಲಿ ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಎಲ್ಲರಿಗಿಂತ ಮೊದಲು ಓಟು ಹಾಕಿದ ಮೇಷ್ಟ್ರು. 105 ವರ್ಷ. ನವೆಂಬರ್ 2ರಂದು ಮನೆಯಲ್ಲೇ ಅಂಚೆ ಮತ ಹಾಕಿ, 5ರಂದು ಹೋದರು. ಅಜ್ಜಿ "ಪುಣ್ಯಾತ್ಮ" ಅಂತ ಕೈ ಮುಗಿದರು. ನನಗೆ ಮಾತ್ರ ಎದೆ ಧಸಕ್ ಅಂತು. ನಮ್ಮ ಕೈಯಲ್ಲಿ ಇನ್ನೆಷ್ಟು ದಿನ ಇದೆಯೋ ಅನ್ನುವ ಯೋಚನೆ ಆವತ್ತಿನಿಂದ ಬಿಡಲಿಲ್ಲ.

ಮೊದಲು ಜನನ ನೋಂದಣಿ ಪುಸ್ತಕ ಹುಡುಕಿದೆವು. ಆ ವರ್ಷದ್ದು ಸಿಗಲಿಲ್ಲ. ಸಿಕ್ಕಿಲ್ಲ ಅಂತ ಬರೆದುಕೊಟ್ಟ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಂಡೆ. ಮುಂದೆ ಎರಡು ಕಡೆ ಅದು ಕೆಲಸಕ್ಕೆ ಬಂತು. ಇಂಥ ಕೆಲಸಕ್ಕೆ ಇಳಿದವರು 'ಇಲ್ಲ' ಅನ್ನುವ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಬೇಕು.

ಆಮೇಲೆ ಒಂದು ಭಾನುವಾರ ಅಜ್ಜಿಗೆ ತಲೆ ಬಾಚುತ್ತಿದ್ದೆ. ಅವರು ಯಾವುದೋ ಮಾತಿಗೆ "ನಮ್ಮ ಇಸ್ಕೂಲಲ್ಲಿ ಮಣೆ ಮೇಲೆ ಮರಳು ಹಾಕಿ ತಿದ್ದಿಸ್ತಿದ್ರು" ಅಂದರು. ನನ್ನ ಬಾಚಣಿಗೆ ಅಲ್ಲೇ ನಿಂತಿತು. ಅಜ್ಜಿ ಪೇಪರ್ ಓದುತ್ತಾರೆ ಅಂತ ಗೊತ್ತಿತ್ತು. ಶಾಲೆಗೆ ಹೋಗಿದ್ದರು ಅಂತ ಯಾಕೆ ಹೊಳೆಯಲಿಲ್ಲವೋ! ಮೂರನೇ ಕ್ಲಾಸಿನವರೆಗೆ ಓದಿದ್ದರಂತೆ, ತವರೂರಿನ ಸರ್ಕಾರಿ ಶಾಲೆಯಲ್ಲಿ. ಆ ಶಾಲೆ ಇನ್ನೂ ಇದೆ.

2023ರ ಜನವರಿಯಲ್ಲಿ ಅಲ್ಲಿಗೆ ಹೋದೆ. ಹೆಡ್ ಮಿಸ್‌ಗೆ ವಿಷಯ ಹೇಳಿದೆ. ಹಾಜರಿ ಪುಸ್ತಕ ಹೋಗಿರಬಹುದು, ಆದರೆ ದಾಖಲಾತಿ ಪುಸ್ತಕವನ್ನು ಯಾವ ಶಾಲೆಯೂ ಬಿಸಾಡುವ ಹಾಗಿಲ್ಲ, ಅದು ಶಾಶ್ವತ ದಾಖಲೆ ಅಂದರು ಅವರು. ಹಿಂದಿನ ಕೋಣೆಯ ಕಬ್ಬಿಣದ ಬೀರು ತೆಗೆದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕಗಳು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದೆವು. ಮಕ್ಕಳಿಗೆ ಊಟದ ಬೆಲ್ ಆಯಿತು, ಅವರು ಎದ್ದು ಹೋಗಿ ಬಡಿಸಿ ಮತ್ತೆ ಬಂದು ಕೂತರು. ಯಾರದೋ ಅಜ್ಜಿಗೋಸ್ಕರ ಅಷ್ಟು ಹೊತ್ತು ಧೂಳು ಕುಡಿದ ಆ ತಾಯಿಯನ್ನು ನಾನು ಮರೆಯುವುದಿಲ್ಲ.

ಮೂರು ಗಂಟೆ ಹೊತ್ತಿಗೆ ಸಿಕ್ಕಿತು. 1931ರ ದಾಖಲಾತಿ. ಹೆಸರು, ತಂದೆಯ ಹೆಸರು, ಊರು. ಅದರ ಮುಂದೆ ಕನ್ನಡ ಅಂಕಿಯಲ್ಲಿ, ಮಸಿ ಕಂದು ಬಣ್ಣಕ್ಕೆ ತಿರುಗಿದ್ದರೂ ಸ್ಪಷ್ಟವಾಗಿ, 27-7-1924.

ಮನೆಗೆ ಬಂದು ಗುಡಿಯ ಐನೋರ ಹತ್ತಿರ ಲೆಕ್ಕ ಹಾಕಿಸಿದೆ. 1924ರ ಜುಲೈ 27 ಭಾನುವಾರ. ಆ ವರ್ಷದ ಭೀಮನ ಅಮಾವಾಸ್ಯೆ ಜುಲೈ 31, ಗುರುವಾರ. ಸರಿಯಾಗಿ ನಾಲ್ಕು ದಿನ. ಸಂವತ್ಸರ ರಕ್ತಾಕ್ಷಿ. ತೊಂಬತ್ತೆಂಟು ವರ್ಷದ ಬಾಯಿಮಾತು ಒಂದು ದಿನವೂ ತಪ್ಪಿರಲಿಲ್ಲ. ನಾನು ಫೋನ್ ಮಾಡಿ ಚಿಕ್ಕಪ್ಪನಿಗೆ ಇದನ್ನು ಹೇಳುವಾಗ ಮಾತು ಕಟ್ಟಿತು.

ದಾಖಲೆ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಶಾಲೆಯಲ್ಲಿ ಅಜ್ಜಿಯ ಹೆಸರಿನ ಹಿಂದೆ 'ಪುಟ್ಟ' ಸೇರಿಸಿ ಬರೆದಿದ್ದರು, ಮನೆಯಲ್ಲಿ ಕರೆಯುವ ಹಾಗೆ. ಬೇರೆ ಯಾವ ಕಾಗದದಲ್ಲೂ ಆ 'ಪುಟ್ಟ' ಇಲ್ಲ. ಎರಡೂ ಹೆಸರಿನವರು ಒಬ್ಬರೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಮುದ್ರೆ ಹಾಕಿಸಿದೆವು. ತಂದೆಯ ಹೆಸರು ಎಲ್ಲ ಕಡೆ ಒಂದೇ ಇದ್ದದ್ದು ನಮ್ಮನ್ನು ಕಾಪಾಡಿತು. ಶಾಲೆಯಿಂದ ದೃಢೀಕೃತ ನಕಲು ಪಡೆದೆವು. ಆಧಾರ್ ತಿದ್ದಲು ಕೊಟ್ಟಾಗ ಮೊದಲ ಸಲ ತಿರಸ್ಕಾರವಾಯಿತು. ಕಾರಣ ಒಂದೇ ಸಾಲು, ದಾಖಲೆ ಸರಿಯಿಲ್ಲ ಅಂತ. ಎರಡನೇ ಸಲ ಶಾಲೆಯ ದಾಖಲೆ ಆಧರಿಸಿ ಗೆಜೆಟೆಡ್ ಅಧಿಕಾರಿಯೊಬ್ಬರ ಕೈಯಲ್ಲಿ ಪ್ರಮಾಣಪತ್ರ ಮಾಡಿಸಿ ಕೊಟ್ಟೆವು. ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿದ್ದೆವು. ಬೆರಳಿನ ಗೆರೆ ಯಂತ್ರಕ್ಕೆ ಕಾಣಿಸಲೇ ಇಲ್ಲ. ಎಂಬತ್ತು ವರ್ಷ ನಾಟಿ ಹಾಕಿ, ಪಾತ್ರೆ ತಿಕ್ಕಿ ಸವೆದ ಬೆರಳುಗಳು. ಕೊನೆಗೆ ಕಣ್ಣಿನ ಪಾಪೆಯ ಗುರುತು ಹಿಡಿಯಿತು. ಮೂರು ವಾರಕ್ಕೆ ಹೊಸ ಆಧಾರ್ ಬಂತು. ಹುಟ್ಟಿದ ದಿನ 27/07/1924.

ಅದೇ ದಾಖಲೆ ಇಟ್ಟು ನಮೂನೆ 8 ತುಂಬಿ ಮತದಾರರ ಪಟ್ಟಿಯನ್ನೂ ಸರಿ ಮಾಡಿಸಿದೆವು. ನೂರು ದಾಟಿದವರು ಅಂತ ಹಾರ ಹಾಕಿದ್ದ ಪಟ್ಟಿಯಲ್ಲಿ ಅಜ್ಜಿಗೆ ಮತ್ತೆ 99 ಆಯಿತು. ಇದು ಬೇಕಿತ್ತಾ ಅಂತ ಊರಲ್ಲಿ ಕೆಲವರು ಕೇಳಿದರು. ನನ್ನ ಪ್ರಕಾರ ಬೇಕಿತ್ತು. ಸುಳ್ಳು ಲೆಕ್ಕದ ನೂರಕ್ಕೆ ಹಾರ ಹಾಕಿಸಿಕೊಳ್ಳಲು ಅಜ್ಜಿಗೇ ಇಷ್ಟವಿರಲಿಲ್ಲ.

ಪಿಂಚಣಿಯ ಅರ್ಜಿಗೆ ಹಿಡಿದಷ್ಟು ಸಮಯ ಇನ್ಯಾವುದಕ್ಕೂ ಹಿಡಿಯಲಿಲ್ಲ. ಬ್ಯಾಂಕ್ ತಾನಾಗಿ ಪಿಪಿಒದಲ್ಲಿ ತಾರೀಖು ಬರೆಯುವ ಹಾಗಿಲ್ಲ. ಅರ್ಜಿ ಬ್ಯಾಂಕಿನಿಂದ ಪಿಂಚಣಿ ಮಂಜೂರು ಮಾಡಿದ ಕಚೇರಿಗೆ ಹೋಗಬೇಕು, ಅಲ್ಲಿಂದ ತಿದ್ದುಪಡಿ ಆದೇಶ ಬರಬೇಕು. ಬ್ಯಾಂಕಿನಲ್ಲಿ ಕೊಟ್ಟ ಮೊದಲ ಅರ್ಜಿ ಎಲ್ಲಿಗೂ ಹೋಗಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ವಿಚಾರಿಸಿದರೆ ಶಾಖೆಯಲ್ಲೇ ಯಾವುದೋ ಕಡತದಲ್ಲಿ ಉಳಿದಿತ್ತು. ನನಗೆ ಅಳು ಬಂತು. ನಾಲ್ಕು ತಿಂಗಳು ನಮಗೆ ಏನೂ ಅಲ್ಲದಿರಬಹುದು. ತೊಂಬತ್ತೊಂಬತ್ತು ವರ್ಷದವರಿಗೆ ನಾಲ್ಕು ತಿಂಗಳು ಸಣ್ಣದಲ್ಲ.

ಎರಡನೇ ಸಲ ಅರ್ಜಿಯನ್ನು ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ. ಮಂಜೂರು ಮಾಡುವ ಕಚೇರಿಗೆ ನೇರವಾಗಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆ. ಕೇಂದ್ರದ ಪಿಂಚಣಿದಾರರ ದೂರಿಗೆಂದೇ ಸಿಪೆನ್‌ಗ್ರಾಮ್ಸ್ ಅಂತ ಒಂದು ಪೋರ್ಟಲ್ ಇದೆ. ಅದರಲ್ಲೂ ದೂರು ದಾಖಲಿಸಿದೆ. ದೂರಿಗೆ ಒಂದು ನಂಬರ್ ಕೊಡುತ್ತಾರೆ, ಕಡತ ಎಲ್ಲಿದೆ ಅಂತ ನೋಡುತ್ತಿರಬಹುದು. ಆ ನಂಬರ್ ಬಂದ ಮೇಲೆ ಕೆಲಸ ಮುಂದೆ ಸರಿಯಿತು. ಕಚೇರಿಯಿಂದ ಹಿರಿಯ ನೌಕರರೊಬ್ಬರು ಫೋನ್ ಮಾಡಿ, "ಅಮ್ಮ ಚೆನ್ನಾಗಿದ್ದಾರಾ? ಲೈಫ್ ಸರ್ಟಿಫಿಕೇಟ್ ಒಂದು ತಪ್ಪದ ಹಾಗೆ ನೋಡ್ಕೊಳ್ಳಿ, ಅದು ನಿಂತರೆ ಎಲ್ಲ ನಿಲ್ಲುತ್ತೆ" ಅಂದರು. 80 ದಾಟಿದವರು ನವೆಂಬರ್‌ಗೆ ಕಾಯದೆ ಅಕ್ಟೋಬರ್ 1ರಿಂದಲೇ ಅದನ್ನು ಕೊಡಬಹುದು. ಬೆರಳು ಒತ್ತದೆ ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆಯೂ 2021ರಿಂದ ಬಂದಿದೆ. ಜಗಲಿ ಮೇಲೆ ಬೆಳಕಿಗೆ ಕೂರಿಸಿ, ಕಣ್ಣು ಮಿಟುಕಿಸಿ ಅಜ್ಜಿ ಅಂದರೆ ಮಿಟುಕಿಸಿದರು. ಆಯಿತು.

2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆದೇಶ ಬಂತು. ಪಿಪಿಒದ ಖಾಲಿ ಜಾಗ ತುಂಬಿತು. 2006ರಿಂದ ಬಾಕಿ ಇದ್ದ ಹಣ ಎರಡು ಕಂತಿನಲ್ಲಿ ಬಂತು. ಅಜ್ಜಿ ಅದರಲ್ಲಿ ಮೊದಲು ಮಾಡಿಸಿದ್ದು ದಿಬ್ಬದ ಗುಡಿಯ ಪಡಸಾಲೆಗೆ ಕಲ್ಲು ಹಾಸು.

ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ. ಅಜ್ಜಿ ಮನೆಯಲ್ಲೇ ಓಟು ಹಾಕಲಿ ಅಂತ ನಮೂನೆ 12ಡಿ ಕೊಟ್ಟಿದ್ದೆವು. 2023ರ ವಿಧಾನಸಭೆ ಚುನಾವಣೆಯಲ್ಲಿ ಮನೆಯಿಂದ ಓಟು ಹಾಕುವ ಅವಕಾಶ 80 ದಾಟಿದವರಿಗೆ ಇತ್ತು, ಈ ಸಲ 85 ಮಾಡಿದ್ದರು. ಅಧಿಕಾರಿಗಳು, ಪೊಲೀಸು, ವಿಡಿಯೋ ತೆಗೆಯುವವರು ಎಲ್ಲ ಬಂದು, ಮನೆಯೊಳಗೆ ರಟ್ಟಿನ ಮರೆ ಇಟ್ಟರು. ಅಜ್ಜಿ ಗುರುತು ಹಾಕಿ, ಲಕೋಟೆ ಅಂಟಿಸಿ, ಎಲ್ಲರಿಗೂ ಮಜ್ಜಿಗೆ ಕೊಡಿಸಿದರು.

ಜುಲೈ ಬಂತು. ನೂರು ತುಂಬುವ ತಿಂಗಳು. ಆ ಸಲ ಮಳೆ ಜೋರು. ಕೆಆರ್‌ಎಸ್ ತುಂಬಿ, ತಿಂಗಳ ಕೊನೆಗೆ ಲಕ್ಷ ಕ್ಯುಸೆಕ್‌ಗಿಂತ ಜಾಸ್ತಿ ನೀರು ಹೊಳೆಗೆ ಬಿಟ್ಟರು. ನೂರು ವರ್ಷದ ಹಿಂದಿನ ಹಾಗೆ ಹೊಳೆ ಕೆಂಪಗೆ ಹರಿಯಿತು. ಅಜ್ಜಿ ರಾತ್ರಿ ಎರಡು ಸಲ ಎದ್ದು ನೀರು ಎಲ್ಲಿಗೆ ಬಂತು ಅಂತ ಕೇಳಿದರು. ನಮ್ಮನೆ ಮೆಟ್ಟಿಲವರೆಗೆ ಬರಲಿಲ್ಲ.

ಸರ್ ಎಂ.ವಿ. ಅವರಿಗೆ ನೂರು ವರ್ಷ ಅಂತ 1960ರ ಸೆಪ್ಟೆಂಬರ್ 15ಕ್ಕೆ, ಅವರು ಬದುಕಿದ್ದಾಗಲೇ, ಅಂಚೆ ಚೀಟಿ ಬಂದಿತ್ತು. ಅವರು ಹುಟ್ಟಿದ ವರ್ಷವನ್ನೂ ಕೆಲವರು 1860 ಅಂತಾರೆ, ಕೆಲವರು 1861 ಅಂತಾರೆ. ಅಷ್ಟು ದೊಡ್ಡವರ ವಿಷಯದಲ್ಲೇ ಹೀಗೆ. ನಮ್ಮಜ್ಜಿಯ ನೂರಕ್ಕೆ ಬಂದದ್ದು ಪಾಸ್‌ಬುಕ್ಕಿನ ಒಂದು ಸಾಲು. ಜೂನ್ ಪಿಂಚಣಿ ತುಟ್ಟಿಭತ್ಯೆ ಸೇರಿ 20,250. ಜುಲೈದು 27,000. ಯಾರೂ ಅರ್ಜಿ ಹಾಕಿರಲಿಲ್ಲ, ಯಾರೂ ನೆನಪಿಸಿರಲಿಲ್ಲ. ತಾರೀಖು ಇತ್ತು, ನೂರು ತುಂಬಿತು ಅಂತ ಕಂಪ್ಯೂಟರ್‌ಗೆ ತಾನಾಗಿ ತಿಳಿಯಿತು. ಆ ಸಾಲನ್ನು ಅಜ್ಜಿ ಬೆರಳಿಟ್ಟು ಓದಿದರು. "ನಿಮ್ಮ ತಾತ ಇದ್ದಿದ್ರೆ ಎರಡು ಸಲ ಎಣಿಸ್ತಿದ್ರು" ಅಂದರು.

ಆಷಾಢದಲ್ಲಿ ನಮ್ಮಲ್ಲಿ ಶುಭಕಾರ್ಯ ಮಾಡುವುದಿಲ್ಲ. ಅದಕ್ಕೆ ಶ್ರಾವಣಕ್ಕೆ ಕಾದು ಪೂಜೆ, ಊಟ ಇಟ್ಟುಕೊಂಡೆವು. ಎಂಬತ್ತು ದಾಟಿದಾಗ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡುವ ರೂಢಿ ಇದೆ. ಆಗ ನಾವು ಮಾಡಿರಲಿಲ್ಲ. ಆ ಕೊರಗು ಇದ್ದದ್ದರಿಂದ ಈ ಸಲ ನೆಂಟರನ್ನೆಲ್ಲ ಕರೆದೆವು. ಆ ಬಿಎಲ್‌ಒ ಟೀಚರ್ ಕೂಡ ಬಂದು, "ಈಗ ನಿಜವಾಗಿ ನೂರಾಯ್ತಾ ಅಜ್ಜಿ?" ಅಂತ ಕೇಳಿ ಕಾಲು ಮುಟ್ಟಿದರು. ಅಜ್ಜಿ "ಈಗ ಆಯ್ತು ಕಣವ್ವ" ಅಂದರು.

ಮಾರನೇ ದಿನ ಅಜ್ಜಿ ಒಂದೇ ಹಟ. ಆ ಪುಸ್ತಕ ನೋಡಬೇಕು. ಒಂದು ಡಬ್ಬಿ ಒಬ್ಬಟ್ಟು ಕಟ್ಟಿಕೊಂಡು ಕಾರಿನಲ್ಲಿ ತವರೂರಿಗೆ ಕರೆದುಕೊಂಡು ಹೋದೆವು. ಶಾಲೆಯ ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಹೆಡ್ ಮಿಸ್ ಬಿಳಿ ಬಟ್ಟೆ ಬಿಚ್ಚಿ, ಆ ಹಾಳೆ ತೆಗೆದು, ಮೇಜಿನ ಮೇಲೆ ಇಟ್ಟರು.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡರು. ತಮ್ಮ ಹೆಸರು ಓದಿದರು. ಅಪ್ಪನ ಹೆಸರು ಓದಿ, ಆ ಅಕ್ಷರದ ಮೇಲೆ ಬೆರಳು ಸವರಿದರು. ತಾರೀಖಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಬೆರಳು ಕೆಳಗಿನ ಸಾಲಿಗೆ ಇಳಿಯಿತು. ಇನ್ನೊಂದು ಹುಡುಗಿಯ ಹೆಸರು. "ಇವಳು ನನ್ನ ಪಕ್ಕ ಕೂತ್ಕೋತಿದ್ಲು. ಹುಣಸೆಹಣ್ಣು ತರೋಳು." ಅದರ ಕೆಳಗೆ ಇನ್ನೊಂದು. "ಇವಳು ಆಚೆ ದಡದೋಳು, ಹರಿಗೋಲಲ್ಲಿ ಬರ್ತಿದ್ಲು." ಆ ಹಾಳೆಯಲ್ಲಿ ಒಟ್ಟು ಆರು ಹೆಣ್ಣುಮಕ್ಕಳು. ಅಜ್ಜಿ ಒಬ್ಬೊಬ್ಬರ ಹೆಸರನ್ನೂ ಜೋರಾಗಿ, ಮಕ್ಕಳಿಗೆಲ್ಲ ಕೇಳಿಸುವ ಹಾಗೆ, ಕೊನೆಯ ಸಾಲಿನವರೆಗೆ ಓದಿದರು.